ಮ್ಯೂಸಿಯಂನಲ್ಲಿ ಬುಟ್ಟಿ, ಕಾಡಿನಲ್ಲಿ ಲಂಟಾನ: ಸೋಲಿಗರ ಕಥೆ ಏನು?

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕೊಂಡು ಕೇಳ್ತಿರೋರಿಗೆ ನಮಸ್ಕಾರ, ನಿಮ್ಮ ಹತ್ರ ಟೈಮ್ ಬೇಕಾದಷ್ಟಿದೆ.

ಹೋದ ಶನಿವಾರ ಯಶವಂತಪುರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿದ್ದೆ. ಅರಮನೆ, ಝೂ ಎರಡೂ ಬಿಟ್ಟು ಸೀದಾ ವೆಲ್ಲಿಂಗ್ಟನ್ ಹೌಸ್‌ಗೆ. ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರ ಇರುವುದು ಇಲ್ಲೇ. ಮುಖ್ಯ ಸಂಗ್ರಹಾಲಯ ಭೋಪಾಲ್‌ನಲ್ಲಿದೆ. ಅಲ್ಲಿ ಸುಮಾರು 200 ಎಕರೆ ಜಾಗದಲ್ಲಿ ಬುಡಕಟ್ಟು ಜನರೇ ಬಂದು ತಮ್ಮ ಮನೆಗಳನ್ನು ಕಟ್ಟಿಕೊಟ್ಟಿದ್ದಾರೆ. ಮೈಸೂರಲ್ಲಿರೋದು ಹಳೇ ಬಂಗಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ ಮನೆ ಇದು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದು ಇದೇ ಮನುಷ್ಯ. ಕಾಡಿನ ಜನರ ಬದುಕನ್ನು ಅವನ ಮನೇಲಿ ನೋಡೋದು ಸ್ವಲ್ಪ ವಿಚಿತ್ರ ಅನಿಸ್ತು.

ಅಲ್ಲಿ ನಿಂತಾಗ ತಲೇಲಿ ಓಡ್ತಿದ್ದದ್ದು ಒಂದೇ ಪ್ರಶ್ನೆ. ಇವರ ಬುಟ್ಟಿಯನ್ನು ಇಷ್ಟು ಜೋಪಾನ ಮಾಡ್ತೀವಲ್ಲ, ಬಿದಿರು ಸಿಗುವ ಕಾಡಿನ ಕಥೆ ಏನು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ತಗೊಳ್ಳಿ. ಬೆಟ್ಟದ ರಂಗನಾಥ ಅವರಿಗೆ ದೇವರಷ್ಟೇ ಅಲ್ಲ, ಭಾವ ಕೂಡ. ಯಾಕಂದ್ರೆ ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ದೊಡ್ಡ ಸಂಪಿಗೆ ಮರ, ಬಂಡೆ, ಅಬ್ಬಿ ಎಲ್ಲಕ್ಕೂ ಅಲ್ಲಿ ಪೂಜೆ ಉಂಟು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯ್ತು. ಒಳಗಿದ್ದ ಪೋಡುಗಳನ್ನು ಎಬ್ಬಿಸಿದರು, ಬೆಂಕಿ ಹಾಕೋದಕ್ಕೂ ತಡೆ ಬಿತ್ತು.

ಬೆಂಕಿ ಅಂದ ಕೂಡಲೇ ಕಾಡ್ಗಿಚ್ಚು ಅಂದ್ಕೋಬೇಡಿ. ಸೋಲಿಗರದ್ದು ತರಗು ಬೆಂಕಿ. ಬೇಸಿಗೆ ಶುರುವಿನಲ್ಲೇ ಒಣ ಎಲೆಗೆ ಹಚ್ಚಿದರೆ ಉರಿ ನೆಲದಲ್ಲೇ ಓಡುತ್ತೆ, ದೊಡ್ಡ ಮರಕ್ಕೆ ಏನೂ ಆಗಲ್ಲ, ಚಿಕ್ಕ ಲಂಟಾನ ಗಿಡ ಸುಟ್ಟುಹೋಗುತ್ತೆ. ಲಂಟಾನ ನಿಮಗೆ ಗೊತ್ತಿರೋದೇ, ಜಕ್ಕೂರು, ಯಲಹಂಕದ ಖಾಲಿ ಸೈಟುಗಳಲ್ಲಿ ಬಣ್ಣಬಣ್ಣದ ಪುಟ್ಟ ಹೂಗೊಂಚಲು ಬಿಡೋ ಗಿಡ. ಮೂಲ ಅಮೆರಿಕ ಖಂಡ, ಅಲಂಕಾರಕ್ಕೆ ಅಂತ ತಂದವರು ಬ್ರಿಟಿಷರು. ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನೇ ನುಂಗ್ತು, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಅನ್ನೋ ಬಂದಳಿಕೆಯೂ ಹೆಚ್ಚಾಯ್ತು ಅಂತಾರೆ ಸೋಲಿಗರು. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಮೊದಲೇ ಅವರನ್ನು ಕೇಳಬಹುದಿತ್ತು.

2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯ್ತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ತು. ಅಂದ್ರೆ ಜೇನು, ನೆಲ್ಲಿ ಮುಂತಾದ ಕಿರು ಉತ್ಪನ್ನ ತರೋದಕ್ಕೆ, ಪೂಜೆಯ ಜಾಗಗಳಿಗೆ ಹೋಗೋದಕ್ಕೆ ಕಾನೂನಿನ ಬಲ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕುಪತ್ರ ಪಡೆದವರಲ್ಲಿ ದೇಶಕ್ಕೇ ಇವರು ಮೊದಲು. ಕೈಲಿ ಪತ್ರ ಇದ್ದರೂ ಬೆಂಕಿ ಹಾಕುವ ಹಾಗಿಲ್ಲ.

ನಮ್ಮ ಜಕ್ಕೂರಿನಲ್ಲೇ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆ ಇದೆ. ಸೋಲಿಗರ ಜೊತೆ ಸೇರಿ ಅವರ ಪೂಜೆಯ ಜಾಗಗಳ ನಕ್ಷೆ ಮಾಡಿದ್ದು ಇವರೇ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಇವರೊಂದಿಗೆ ಲಂಟಾನ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಮಾಡ್ತಾರೆ, ಆಳೆತ್ತರ ಮೀರಿದ ಆನೆಗಳನ್ನೂ ಮಾಡಿದ್ದಾರೆ. ಬಿದಿರು ಕಡಿಯೋಕೆ ಬಿಡದ ಕಾಡಿನಲ್ಲಿ ಈಗ ಬುಟ್ಟಿ ಹೆಣೆಯೋದೂ ಲಂಟಾನದಲ್ಲೇ.