ಟ್ರಾಲಿ ಲೋಡು: ಎಷ್ಟು ಅನ್ನೋದಷ್ಟೇ ಅಲ್ಲ, ಎಲ್ಲಿ ಅನ್ನೋದೂ ಮುಖ್ಯ

ಕಬ್ಬಿರಲಿ, ಗೊಬ್ಬರವಿರಲಿ, ಟ್ರಾಲಿಗೆ ಎಷ್ಟು ತುಂಬಿದ್ವಿ ಅಂತ ಎಲ್ಲರೂ ನೋಡ್ತೀವಿ. ತೂಕ ಎಲ್ಲಿ ಕೂತಿದೆ ಅಂತ ನೋಡೋರು ಕಡಿಮೆ. ಟ್ರ್ಯಾಕ್ಟರ್ ಪಲ್ಟಿಯಾಗಲು ಅದೂ ಒಂದು ಕಾರಣ.

ಎರಡು ಚಕ್ರದ ಟ್ರಾಲಿ ತಕ್ಕಡಿ ಇದ್ದ ಹಾಗೆ. ಆಕ್ಸಲ್ಲೇ ಅದರ ನಡುವಿನ ಆಧಾರ. ಕೊಕ್ಕೆಯಿಂದ ಆಕ್ಸಲ್‌ಗೆ 10 ಅಡಿ, ಲೋಡು 3 ಟನ್ ಅಂದುಕೊಳ್ಳಿ. ಲೋಡಿನ ನಡುಭಾಗ ಆಕ್ಸಲ್‌ಗಿಂತ 1 ಅಡಿ ಮುಂದಿದ್ದರೆ ಕೊಕ್ಕೆ ಮೇಲೆ ಸುಮಾರು 300 ಕೆಜಿ ಭಾರ ಬೀಳುತ್ತೆ, ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹಿಡಿತ ಸಿಗುತ್ತೆ. ಅದೇ 1 ಅಡಿ ಹಿಂದೆ ಹೋದರೆ ಅಷ್ಟೇ ಬಲ ಕೊಕ್ಕೆಯನ್ನು ಮೇಲಕ್ಕೆತ್ತುತ್ತೆ. ಆಗ ಟೈರ್ ಜಾರುತ್ತೆ, ಬ್ರೇಕ್ ಸರಿಯಾಗಿ ಹಿಡಿಯಲ್ಲ. ಹಾಗಂತ ಪೂರಾ ಮುಂದಕ್ಕೇ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ.

ನೆನಪಿಡಿ:

• ತುಂಬುವಾಗ ಮುಂದಿನಿಂದ ಶುರು ಮಾಡಿ, ಇಳಿಸುವಾಗ ಹಿಂದಿನಿಂದ.
• ಭಾರದ ಚೀಲ ಕೆಳಗೆ, ಹಗುರಾದದ್ದು ಮೇಲೆ. ಎಡಬಲ ಸಮ ಇರಲಿ. ಲೋಡು ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು.
• ಟ್ರಾಲಿಯನ್ನು ಟಾಪ್ ಲಿಂಕ್ ಜಾಗಕ್ಕೆ ಕಟ್ಟಲೇಬೇಡಿ. ಎಳೆತ ಮೇಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು.
• ರಸ್ತೆಗಿಳಿಯೋ ಮುಂಚೆ ಎರಡೂ ಬ್ರೇಕ್ ಪೆಡಲ್ ಜೋಡಿಸಿ ಲಾಕ್ ಮಾಡಿ.
• ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ. ಇಳಿಯುವ ಮೊದಲೇ ಕಡಿಮೆ ಗೇರಿಗೆ ಹಾಕಿ.

ಇನ್ನೊಂದು ಟ್ರಿಪ್ ಹೊಡೆದರೆ ಡೀಸೆಲ್ ಖರ್ಚು, ಅಷ್ಟೇ. ಮಗುಚಿದರೆ ಹೋಗೋದು ಜೀವ.