ಎಣ್ಣೆ ಕುಡಿಯೋ ಕಾರುಗಳು: ಎಷ್ಟು ಕುಡಿದರೆ ‘ನಾರ್ಮಲ್’?

ಟೈಟಲ್ ನೋಡಿ ವೀಕೆಂಡ್ ಪಾರ್ಟಿ ಬಗ್ಗೆ ಅಂದ್ಕೊಂಡು ಓಪನ್ ಮಾಡಿದ್ರೆ ಸಾರಿ, ಇದು ಎಂಜಿನ್ ಆಯಿಲ್ ಬಗ್ಗೆ. ಆದ್ರೂ ಬಂದಿದ್ದೀರಲ್ಲ, ಒಂದು ಸಣ್ಣ ಲೆಕ್ಕ ಮಾಡೋಣ. ಕ್ಯಾಲ್ಕ್ಯುಲೇಟರ್ ಬೇಕಾಗಿಲ್ಲ.

ಕಾರಿನ ಜೊತೆ ಕೊಡೋ ಮ್ಯಾನ್ಯುಯಲ್‌ನಲ್ಲಿ ಯಾರೂ ಓದದ ಒಂದು ಸಾಲು ಇರುತ್ತೆ. ಎಂಜಿನ್ ಇಷ್ಟು ಆಯಿಲ್ ತಿನ್ನೋದು ಸಹಜ ಅಂತ ಹೇಳೋ ಸಾಲು ಅದು. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳ ಪುಸ್ತಕದಲ್ಲಿ ಈ ಮಿತಿ 1,000 ಕಿ.ಮೀ.ಗೆ ಅರ್ಧ ಲೀಟರ್. ಟೊಯೊಟಾದ ಹಲವು ಪುಸ್ತಕಗಳಲ್ಲಿ 1,000 ಕಿ.ಮೀ.ಗೆ 1 ಲೀಟರ್. ಈಗ ಕಡಿಮೆ ಇರೋ ಸಂಖ್ಯೆಯನ್ನೇ ತಗೊಳ್ಳಿ. ಸರ್ವೀಸ್ 10,000 ಕಿ.ಮೀ.ಗೆ ಒಂದ್ಸಲ ಅಂದ್ರೆ, ಅಷ್ಟರೊಳಗೆ 5 ಲೀಟರ್ ಆಯಿಲ್ ಖಾಲಿ. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್‌ಗೆ ಹಿಡಿಸೋದೇ ಸುಮಾರು 3ರಿಂದ 4 ಲೀಟರ್! ಅಂದ್ರೆ ಪುಸ್ತಕ ‘ಸಹಜ’ ಅಂತ ಒಪ್ಪೋ ಮಟ್ಟದಲ್ಲೇ ಓಡಿದ್ರೂ, ಮಧ್ಯದಲ್ಲಿ ಟಾಪ್‌-ಅಪ್ ಮಾಡದಿದ್ರೆ ಸರ್ವೀಸ್ ದಿನ ಬರೋದ್ರೊಳಗೆ ಎಂಜಿನ್ ಕಥೆ ಮುಗಿದಿರುತ್ತೆ.

ಭಯ ಬೇಡ. ಇದು ಗರಿಷ್ಠ ಮಿತಿ ಮಾತ್ರ, ಆರೋಗ್ಯವಾಗಿರೋ ಎಂಜಿನ್ ಇದಕ್ಕಿಂತ ತುಂಬಾ ಕಡಿಮೆ ತಿನ್ನುತ್ತೆ. ಆದ್ರೆ ಈ ಮಿತಿ ಇಷ್ಟು ಜಾಸ್ತಿ ಯಾಕಿದೆ, ಹೊಸ ಕಾರುಗಳೂ ಯಾಕೆ ಆಯಿಲ್ ಕುಡಿಯುತ್ತವೆ ಅನ್ನೋದು ತಿಳ್ಕೊಳ್ಳೋಕೆ ಯೋಗ್ಯವಾದ ವಿಷಯ. ಮೆಕ್ಯಾನಿಕಲ್‌ನವರಿಗಷ್ಟೇ ಅಲ್ಲ, ಕೆಲಸ ಸಿಕ್ಕ ಮೊದಲ ವರ್ಷವೇ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತ ಕನಸು ಕಾಣ್ತಿರೋ ಎಲ್ಲರಿಗೂ.

ಸೊನ್ನೆ ಅನ್ನೋದು ಇಲ್ಲ

ಥರ್ಮೋಡೈನಮಿಕ್ಸ್‌ನಲ್ಲಿ ನಾವು ಓದೋ ಆಟೋ ಸೈಕಲ್‌ನ ಪಿಸ್ಟನ್ ಬಹಳ ಒಳ್ಳೆಯವನು. ಘರ್ಷಣೆ ಇಲ್ಲ, ಸೋರಿಕೆ ಇಲ್ಲ. ನಿಜವಾದ ಪಿಸ್ಟನ್‌ಗೆ ಸಾಮಾನ್ಯವಾಗಿ ಮೂರು ರಿಂಗ್ ಇರುತ್ತೆ. ಮೇಲಿನ ಎರಡರ ಮುಖ್ಯ ಕೆಲಸ ಉರಿದ ಗ್ಯಾಸ್ ಕೆಳಗೆ ನುಗ್ಗದ ಹಾಗೆ ತಡೆಯೋದು. ಮೂರನೆಯದು ಆಯಿಲ್ ಕಂಟ್ರೋಲ್ ರಿಂಗ್. ಸಿಲಿಂಡರ್ ಗೋಡೆ ಮೇಲಿರೋ ಆಯಿಲನ್ನ ಕೆರೆದು ಕೆಳಗಿನ ಸಂಪ್‌ಗೆ ಕಳಿಸೋದು ಇದರ ಕೆಲಸ. ದೋಸೆ ಹುಯ್ಯೋ ಮೊದಲು ಕಾವಲಿಗೆ ಎಣ್ಣೆ ಸವರಿ ಜಾಸ್ತಿಯಾಗಿದ್ದನ್ನ ಒರೆಸ್ತಾರಲ್ಲ, ಹಾಗೆ. ಪೂರ್ತಿ ಒರೆಸಿದ್ರೆ ದೋಸೆ ಅಂಟುತ್ತೆ. ಇಲ್ಲೂ ಗೋಡೆ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಪದರ ಉಳಿಯಲೇಬೇಕು, ಇಲ್ಲದಿದ್ರೆ ಲೋಹಕ್ಕೆ ಲೋಹ ಉಜ್ಜುತ್ತೆ. ಆ ಪದರದಲ್ಲಿ ಸ್ವಲ್ಪ ಪ್ರತಿ ಸಲವೂ ಉರಿದುಹೋಗುತ್ತೆ.

ಸ್ವಲ್ಪ ಅಂದ್ರೆ ಎಷ್ಟು? ನಾಲ್ಕು ಸಿಲಿಂಡರ್ ಎಂಜಿನ್, 2,500 ಆರ್‌ಪಿಎಂ, ಗಂಟೆಗೆ 80 ಕಿ.ಮೀ. ವೇಗ ಅಂತ ಇಟ್ಕೊಳ್ಳಿ. 1,000 ಕಿ.ಮೀ.ಗೆ ಹನ್ನೆರಡೂವರೆ ಗಂಟೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ ದಹನ, ಹಾಗಾಗಿ ಎಲ್ಲಾ ಸಿಲಿಂಡರ್ ಸೇರಿ ಸುಮಾರು 37.5 ಲಕ್ಷ ದಹನ ಆಗುತ್ತೆ. ಅರ್ಧ ಲೀಟರನ್ನ ಇದರಿಂದ ಭಾಗಿಸಿದ್ರೆ ಒಂದು ಸಲಕ್ಕೆ ಸುಮಾರು 0.13 ಘನ ಮಿಲಿಮೀಟರ್. ಸಾಸಿವೆ ಕಾಳಿನ ಹತ್ತನೇ ಒಂದು ಭಾಗವೂ ಇಲ್ಲ! ರಿಂಗ್ ಇಷ್ಟೇ ಇಷ್ಟು ಸೋತರೂ ಸಾಕು, ಆಯಿಲ್ ಕುಡಿಯೋ ಎಂಜಿನ್ ರೆಡಿ.

ಹೊಸ ಕಾರುಗಳಲ್ಲೇ ಯಾಕೆ?

ಇದಕ್ಕೆ ಒಬ್ಬ ವಿಲನ್ ಇಲ್ಲ. ಒಂದೊಂದೂ ಸರಿಯಾಗಿರೋ ನಾಲ್ಕು ನಿರ್ಧಾರಗಳು ಒಟ್ಟಿಗೆ ಸೇರಿಕೊಂಡಿವೆ.

ಒಂದು, ರಿಂಗ್‌ನ ಬಿಗಿ. ಎಂಜಿನ್ ಒಳಗಿನ ಘರ್ಷಣೆಯಲ್ಲಿ ಪಿಸ್ಟನ್ ಮತ್ತು ರಿಂಗ್‌ಗಳ ಪಾಲು ದೊಡ್ಡದು. ಮೈಲೇಜ್ ಜಾಸ್ತಿ ಬೇಕು, ಹೊಗೆ ಕಮ್ಮಿ ಬೇಕು ಅಂದ್ರೆ ರಿಂಗ್‌ಗಳನ್ನ ತೆಳು ಮಾಡಿ, ಗೋಡೆಗೆ ಒತ್ತೋ ಬಲ ಕಡಿಮೆ ಮಾಡ್ತಾರೆ. ಮೆಲ್ಲಗೆ ಒತ್ತೋ ರಿಂಗ್ ಮೆಲ್ಲಗೇ ಕೆರೆಯುತ್ತೆ.

ಎರಡು, ತೆಳು ಆಯಿಲ್. 0ಡಬ್ಲ್ಯೂ-20 ತರಹದ ಆಯಿಲ್ ಪಂಪ್ ಮಾಡೋಕೆ ಸುಲಭ, ಘರ್ಷಣೆಯೂ ಕಮ್ಮಿ. ಆದ್ರೆ ಸಂದಿ ಸಿಕ್ಕಿದ್ರೆ ನುಸುಳೋದೂ ಅಷ್ಟೇ ಸುಲಭ.

ಮೂರು, ಸಣ್ಣ ಎಂಜಿನ್ ಜೊತೆ ಟರ್ಬೊ. ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಬಿಸಿ ಜಾಸ್ತಿ. ಆಯಿಲ್ ಬೇಗ ಸುಟ್ಟು ಕಾರ್ಬನ್ ಆಗಿ ಗಟ್ಟಿಯಾಗುತ್ತೆ.

ನಾಲ್ಕು, ಸರ್ವೀಸ್ ನಡುವಿನ ದೀರ್ಘ ಅಂತರ. ಹಳೆಯ ಆಯಿಲ್ ಒಳಗೇ ಸುತ್ತುತ್ತಾ ಇದ್ದಷ್ಟೂ ಕೊಳೆ ಕಟ್ಟೋಕೆ ಅವಕಾಶ.

ನಮ್ಮ ದೇಶದಲ್ಲೂ ಕಾರು ಕಂಪನಿಗಳಿಗೆ ಸರಾಸರಿ ಇಂಧನ ಬಳಕೆಯ ನಿಯಮ 2017ರಿಂದ ಇದೆ, 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು. ಹಾಗಾಗಿ ಈ ನಿರ್ಧಾರಗಳು ಜಪಾನ್, ಜರ್ಮನಿಯ ಕಥೆ ಮಾತ್ರ ಅಲ್ಲ.

ಒಂದು ಪಿಸ್ಟನ್‌ನ ಕಥೆ

ಟೊಯೊಟಾ ಅಂದ್ರೆ ‘ಏನೂ ಆಗಲ್ಲ ಬಿಡಿ’ ಅನ್ನೋ ಹೆಸರು ಅಲ್ವಾ? ಅದರ 2.4 ಲೀಟರ್‌ನ 2ಎಝಡ್-ಎಫ್‌ಇ ಎಂಜಿನ್ 2007ರಿಂದ 2009ರ ಕ್ಯಾಮ್ರಿ ಕಾರುಗಳಲ್ಲಿತ್ತು. ಅಮೆರಿಕದಲ್ಲಿ ಇವು ಆಯಿಲ್ ಕುಡಿಯುತ್ತವೆ ಅಂತ ದೂರುಗಳು ಬಂದವು. ಆಯಿಲ್ ರಿಂಗ್ ಕೂರೋ ಗ್ರೂವ್‌ನಲ್ಲಿ ಕೆರೆದ ಆಯಿಲ್ ವಾಪಸ್ ಇಳಿಯೋಕೆ ಸಣ್ಣ ತೂತುಗಳಿರುತ್ತವೆ. ಅಲ್ಲಿ ಕಾರ್ಬನ್ ಕಟ್ಟಿಕೊಂಡ್ರೆ ಆಯಿಲ್‌ಗೆ ಇಳಿಯೋ ದಾರಿ ಬಂದ್, ರಿಂಗ್ ಕೂಡ ಅಂಟಿಕೊಳ್ಳುತ್ತೆ. ಆಮೇಲೆ ಆಯಿಲ್ ಮೇಲಕ್ಕೇ ಹೋಗಬೇಕು.

ಕೊನೆಗೆ 2015ರಲ್ಲಿ ಕಂಪನಿ ಅಲ್ಲಿ ವಾರಂಟಿ ವಿಸ್ತರಿಸಿತು. ಕಾರನ್ನ 1,200 ಮೈಲಿ, ಅಂದ್ರೆ ಸುಮಾರು 1,930 ಕಿ.ಮೀ. ಓಡಿಸಿ ನೋಡೋದು. 1 ಕ್ವಾರ್ಟ್, ಅಂದ್ರೆ ಸುಮಾರು 0.95 ಲೀಟರ್‌ಗಿಂತ ಜಾಸ್ತಿ ಖರ್ಚಾಗಿದ್ರೆ ಬದಲಾದ ವಿನ್ಯಾಸದ ಪಿಸ್ಟನ್ ಮತ್ತು ರಿಂಗ್ ಹಾಕಿಕೊಡೋದು.

ಇಲ್ಲಿ ಸ್ವಲ್ಪ ನಿಲ್ಲಿ. 0.95 ಲೀಟರನ್ನ 1,930 ಕಿ.ಮೀ.ಗೆ ಹಂಚಿದ್ರೆ 1,000 ಕಿ.ಮೀ.ಗೆ ಅರ್ಧ ಲೀಟರ್ ಬರುತ್ತೆ. ಮ್ಯಾನ್ಯುಯಲ್‌ಗಳಲ್ಲಿ 1 ಲೀಟರ್ ತನಕ ಓಕೆ ಅನ್ನೋ ಕಂಪನಿ, ರಿಪೇರಿ ಮಾಡಿಕೊಡೋಕೆ ಎಳೆದ ಗೆರೆ ಅದರ ಅರ್ಧಕ್ಕೆ! ಅಂದ್ರೆ ‘ನಾರ್ಮಲ್’ ಅನ್ನೋದು ಗುರುತ್ವಾಕರ್ಷಣೆಯ ಬೆಲೆಯ ಹಾಗೆ ಪ್ರಕೃತಿ ಕೊಟ್ಟ ಸಂಖ್ಯೆ ಅಲ್ಲ. ಯಾರೋ ಕೂತು ನಿರ್ಧರಿಸಿದ್ದು. ಗ್ರಾಹಕರು ಕೇಳಿದ್ರೆ ಬದಲಾಗುತ್ತೆ. ಸುಬಾರು ವಿಷಯದಲ್ಲೂ ಅಮೆರಿಕದ ಗ್ರಾಹಕರು ಆಯಿಲ್ ಖರ್ಚಿನ ಬಗ್ಗೆ ಕೋರ್ಟ್‌ಗೆ ಹೋದರು, 2016ರಲ್ಲಿ ರಾಜಿ ಆಯ್ತು.

ಹೊಗೆ ಹೇಳೋ ಗುಟ್ಟು

ರಿಂಗ್ ಒಂದೇ ದಾರಿ ಅಲ್ಲ. ವಾಲ್ವ್ ಕಾಂಡದ ಸುತ್ತ ಇರೋ ರಬ್ಬರ್ ಸೀಲ್ ಗಟ್ಟಿಯಾದ್ರೆ ಆಯಿಲ್ ಮೇಲಿನಿಂದ ತೊಟ್ಟಿಕ್ಕುತ್ತೆ. ಕ್ರ್ಯಾಂಕ್‌ಕೇಸ್‌ನ ಗ್ಯಾಸನ್ನ ವಾಪಸ್ ಎಳೆಯೋ ಪಿಸಿವಿ ವಾಲ್ವ್ ಕೆಟ್ಟರೆ ಗ್ಯಾಸ್ ಜೊತೆ ಆಯಿಲೂ ಹೋಗುತ್ತೆ. ಟರ್ಬೊ ಸೀಲ್ ಸವೆದಿರಬಹುದು. ಅಥವಾ ಸುಮ್ನೆ ಗ್ಯಾಸ್ಕೆಟ್ ಲೀಕ್ ಇರಬಹುದು, ಪಾರ್ಕಿಂಗ್ ಜಾಗದಲ್ಲಿ ಕಲೆ ಕಾಣುತ್ತೆ.

ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ ಅಂತ ಅರ್ಥ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದ್ಸಲ ಬಂದು ನಿಂತ್ರೆ ವಾಲ್ವ್ ಸೀಲ್ ಮೇಲೆ ಅನುಮಾನ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದ್ರೆ ರಿಂಗ್ ಅಥವಾ ಟರ್ಬೊ ಮೇಲೆ. ಆದ್ರೆ ಹೊಗೆ ಕಾಣದೇ ಇದ್ರೆ ಎಲ್ಲಾ ಸರಿ ಅಂತಲ್ಲ. ಸ್ವಲ್ಪ ಸ್ವಲ್ಪ ಉರಿಯೋದನ್ನ ಕ್ಯಾಟಲಿಟಿಕ್ ಕನ್ವರ್ಟರ್ ಮುಚ್ಚಿಹಾಕುತ್ತೆ. ಅದೇ ಕೆಲಸದಲ್ಲಿ ಅದು ಹಾಳೂ ಆಗುತ್ತೆ, ಯಾಕಂದ್ರೆ ಆಯಿಲ್‌ನಲ್ಲಿರೋ ರಂಜಕ ಅದರ ಮೇಲ್ಮೈಗೆ ವಿಷ ಇದ್ದ ಹಾಗೆ.

ಇನ್ನೊಂದು ಗೊಂದಲ. ಸಿಟಿಯಲ್ಲಿ ತಿಂಗಳುಗಟ್ಟಲೆ ಸಣ್ಣ ಸಣ್ಣ ಓಡಾಟ ಮಾಡಿದಾಗ ಆಯಿಲ್ ಲೆವೆಲ್ ಇಳಿಯೋದೇ ಇಲ್ಲ, ಹೈವೇಯಲ್ಲಿ ಒಂದು ಸಲ ದೂರ ಹೋಗಿ ಬಂದ್ರೆ ದಿಢೀರ್ ಅಂತ ಕಮ್ಮಿ. ಎಂಜಿನ್ ಸರಿಯಾಗಿ ಬಿಸಿ ಆಗದಿದ್ದಾಗ ಉರಿಯದ ಪೆಟ್ರೋಲ್ ಸ್ವಲ್ಪ ಆಯಿಲ್‌ಗೆ ಸೇರುತ್ತೆ, ಕಮ್ಮಿಯಾದ ಆಯಿಲ್ ಜಾಗವನ್ನ ಪೆಟ್ರೋಲ್ ತುಂಬಿರುತ್ತೆ. ದೂರ ಓಡಿದಾಗ ಅದು ಆವಿಯಾಗಿ ಹೋಗಿ ನಿಜವಾದ ಲೆವೆಲ್ ಹೊರಗೆ ಬೀಳುತ್ತೆ.

ಹಾಗಾದ್ರೆ ಏನು ಮಾಡಬೇಕು?

ಮೊದಲನೆಯದಾಗಿ, ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪವನ್ನ ನಂಬ್ಕೊಂಡು ಕೂರಬೇಡಿ. ಅದು ತೋರಿಸೋದು ಆಯಿಲ್‌ನ ಒತ್ತಡ, ಲೆವೆಲ್ ಅಲ್ಲ. ಲೆವೆಲ್ ಇಳಿದು ಪಂಪ್ ಗಾಳಿ ಎಳೆಯೋಕೆ ಶುರು ಮಾಡಿದಾಗಷ್ಟೇ ಅದು ಹತ್ತುತ್ತೆ. ಆಗ ಬೇರಿಂಗ್‌ಗಳ ಗತಿ ದೇವರಿಗೇ ಪ್ರೀತಿ. ದೀಪ ಹತ್ತಿದ್ರೆ ಗಾಡಿ ಬದಿಗೆ ಹಾಕಿ ತಕ್ಷಣ ಆಫ್ ಮಾಡಿ.

ಡಿಪ್‌ಸ್ಟಿಕ್ ಎಳೆಯೋದು ಕಲೀರಿ. ಸಮತಟ್ಟಾದ ಜಾಗ, ಬಿಸಿಯಾದ ಎಂಜಿನ್ ಆಫ್ ಮಾಡಿ ಐದ್ಹತ್ತು ನಿಮಿಷ ಬಿಡಿ, ಎಳೆದು ಒರೆಸಿ, ಮತ್ತೆ ಹಾಕಿ ಎಳೆದು ನೋಡಿ. ಹಲವು ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರ್. ಓಡೋಮೀಟರ್ ಸಂಖ್ಯೆ ಜೊತೆ ಫೋಟೋ ತೆಗೆದಿಡಿ, 1,000 ಕಿ.ಮೀ. ಆದ್ಮೇಲೆ ಇನ್ನೊಂದು. ಸರ್ವೀಸ್ ಸೆಂಟರ್‌ನಲ್ಲಿ ‘ಸ್ವಲ್ಪ ಆಯಿಲ್ ಕಮ್ಮಿ ಆಗ್ತಿದೆ ಸರ್’ ಅಂದ್ರೆ ‘ಎಲ್ಲಾ ಗಾಡಿನೂ ಹಂಗೇ’ ಅಂತಾರೆ. ‘1,000 ಕಿ.ಮೀ.ಗೆ 400 ಮಿಲಿ’ ಅಂತ ಲೆಕ್ಕ ಇಟ್ರೆ ಮಾತು ಬೇರೆ ಆಗುತ್ತೆ, ಅದೂ ವಾರಂಟಿ ಮುಗಿಯೋ ಮೊದಲೇ ಇಟ್ರೆ.

‘ದಪ್ಪ ಆಯಿಲ್ ಹಾಕಿ, ಸರಿಹೋಗುತ್ತೆ’ ಅನ್ನೋ ಸಲಹೆ ಗ್ಯಾರೇಜ್‌ಗಳಲ್ಲಿ ಸಿಗುತ್ತೆ. ಖರ್ಚು ಸ್ವಲ್ಪ ಇಳಿಯಬಹುದು, ಅಂಟಿಕೊಂಡ ರಿಂಗ್ ಮಾತ್ರ ಬಿಡಿಸಿಕೊಳ್ಳಲ್ಲ. ಮ್ಯಾನ್ಯುಯಲ್ ಒಪ್ಪೋ ಗ್ರೇಡ್‌ಗಳ ಒಳಗೇ ಇರಿ. ಆಯಿಲನ್ನ ಹೇಳಿದ್ದಕ್ಕಿಂತ ಸ್ವಲ್ಪ ಬೇಗ ಬದಲಾಯಿಸೋದು ಇದಕ್ಕಿಂತ ಒಳ್ಳೇ ಅಭ್ಯಾಸ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದ್ರೆ ಕೋಲ್ಡ್ ಸ್ಟಾರ್ಟ್ ನಿಮ್ಮ ಕಣ್ಣೆದುರೇ ಆಗಲಿ. ನೀವು ಬರೋ ಮೊದಲೇ ಎಂಜಿನ್ ಬಿಸಿ ಇದ್ರೆ ಯಾಕೆ ಅಂತ ಕೇಳಿ.

ನಮ್ಮಲ್ಲಿ ಕೆಲವರಾದ್ರೂ ಮುಂದೆ ಇಂಥ ರಿಂಗ್‌ಗಳನ್ನ ಡಿಸೈನ್ ಮಾಡ್ತೀವಿ, ಇಂಥ ಮ್ಯಾನ್ಯುಯಲ್‌ಗಳಿಗೆ ಸಂಖ್ಯೆ ಕೊಡ್ತೀವಿ. ಘರ್ಷಣೆ ಒಂದಿಷ್ಟು ಉಳಿಸಿದ್ದಕ್ಕೆ ಲ್ಯಾಬ್‌ನಲ್ಲಿ ಚಪ್ಪಾಳೆ ಸಿಗುತ್ತೆ. ಆ ತೆಳು ರಿಂಗ್ ಒಂದು ಲಕ್ಷ ಕಿ.ಮೀ. ಆದ್ಮೇಲೆ ಹೇಗಿರುತ್ತೆ ಅನ್ನೋ ಪ್ರಶ್ನೆಯನ್ನೂ ಅದೇ ಟೇಬಲ್ ಮೇಲೆ ಇಡಬೇಕು, ಯಾಕಂದ್ರೆ ಅಷ್ಟೊತ್ತಿಗೆ ಆ ಕಾರು ಎರಡನೇ ಓನರ್ ಹತ್ರ ಇರುತ್ತೆ. ಅವರಿಗೆ ವಾರಂಟಿ ಇರಲ್ಲ, ಡಿಪ್‌ಸ್ಟಿಕ್ ಮಾತ್ರ ಇರುತ್ತೆ.