ನಂದಿ ತಪ್ಪಲಿನಲ್ಲಿ ಎರಡು ಕುರ್ಚಿ, ಶನಿವಾರಕ್ಕೆ

ಬೆಂಗಳೂರು 560103. ಬೆಳ್ಳಂದೂರಿನ ಪಿನ್‌ಕೋಡ್ ಇದು. ಹೊರವರ್ತುಲ ರಸ್ತೆಗೆ ಅಂಟಿಕೊಂಡ ದೇವರಬೀಸನಹಳ್ಳಿಯ ಟೆಕ್ ಪಾರ್ಕಿನಲ್ಲಿ ಫ್ಲಿಪ್‌ಕಾರ್ಟ್ ಇದೆ, ಸ್ವಿಗ್ಗಿಯೂ ಇದೆ. ಹೋಟೆಲಿನ ಟೇಬಲ್ಲನ್ನು ಮೊದಲೇ ಗೊತ್ತುಮಾಡಿಕೊಡುವ ಡೈನ್‌ಔಟ್ ಅನ್ನು 2022ರಲ್ಲಿ ಟೈಮ್ಸ್ ಇಂಟರ್‌ನೆಟ್‌ನಿಂದ ಕೊಂಡದ್ದು ಇದೇ ಸ್ವಿಗ್ಗಿ. ಇಲ್ಲಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ, ದೊಡ್ಡಬಳ್ಳಾಪುರದ ಸುತ್ತಮುತ್ತ, ದ್ರಾಕ್ಷಿ ಬೆಳೆದು ವೈನ್ ಮಾಡುವವರಿದ್ದಾರೆ. ವಾರವಿಡೀ ಪರದೆ ನೋಡಿ ದಣಿದ ಐಟಿ ಮಂದಿ ಶನಿವಾರ ಅತ್ತ ಹೊರಡುತ್ತಾರೆ. ಹೊರಡುವ ಮೊದಲು ಫೋನಿನಲ್ಲಿ ವೈನ್ ಸವಿಯುವ ಸ್ಲಾಟ್ ಹಿಡಿಯುತ್ತಾರೆ. ಆ ಸ್ಲಾಟು ಹುಟ್ಟಿದ್ದು ಹೇಗೆ, ಅದನ್ನು ಯಾರ ಕೈಗೆ ಕೊಡಬೇಕು ಎಂಬುದು ಇಂದು ಟೇಸ್ಟಿಂಗ್ ರೂಮ್ ತೆರೆಯುವ ಪ್ರತಿಯೊಂದು ವೈನರಿಯೂ ಬಿಡಿಸಿಕೊಳ್ಳಬೇಕಾದ ಪ್ರಶ್ನೆ.

ಕಥೆ ಶುರುವಾಗುವುದು ಕಂಪ್ಯೂಟರಿನಿಂದಲ್ಲ, ಬಳ್ಳಿಯಿಂದ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರಿಗೆ ದ್ರಾಕ್ಷಿ ಹೊಸದೇನಲ್ಲ. ಬೆಂಗಳೂರು ನೀಲಿ ದ್ರಾಕ್ಷಿ ಈ ನೆಲದಲ್ಲಿ ನೂರೈವತ್ತು ವರ್ಷಗಳಷ್ಟು ಹಳೆಯದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಯುರೋಪಿನ ವೈನ್ ತಳಿಗಳು ಇಲ್ಲಿ ಬದುಕುತ್ತವೆ ಎಂದು ನಂಬಿದವರು ಕಡಿಮೆ. ಕನ್ವಲ್ ಗ್ರೋವರ್ ನಂಬಿದರು. ವ್ಯವಹಾರದ ಮೇಲೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರು ಶಾಂಪೇನ್ ಪ್ರಾಂತದ ಅನುಭವಿ ಜಾರ್ಜ್ ವೆಸೆಲ್ ಅವರನ್ನು ಜೊತೆ ಮಾಡಿಕೊಂಡು ನೆಲ ಹುಡುಕಿದರು. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಮಣ್ಣು ಮೂರೂ ಒಟ್ಟಿಗೆ ಸಿಕ್ಕಿದ್ದು ನಂದಿ ತಪ್ಪಲಿನಲ್ಲಿ. 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ತೋಟ ಎದ್ದಿತು, 1992ರಲ್ಲಿ ಮೊದಲ ವೈನ್ ಬಂತು. ತೊಂಬತ್ತರ ದಶಕದ ನಡುವೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾದರು. ಇವತ್ತು ಗ್ರೋವರ್ ಜಂಪಾ ಎಂದು ಕರೆಸಿಕೊಳ್ಳುವ ವೈನರಿ ಅದೇ.

ಆಗ ಅಲ್ಲಿಗೆ ಪ್ರವಾಸಿಗರು ಬರಬೇಕೆಂಬ ಯೋಚನೆ ಮುಖ್ಯವಾಗಿರಲಿಲ್ಲ. ವೈನ್ ಮಾಡಿ ಮಾರುವುದೇ ಸಾಕಷ್ಟು ಕಷ್ಟದ ಕೆಲಸ. ಮಾಡುವ ಜಾಗವನ್ನೇ ತೋರಿಸಿ, ಅಲ್ಲೇ ಕೂರಿಸಿ ಕುಡಿಸುವ ಪದ್ಧತಿಗೆ ದೇಶದಲ್ಲಿ ದಾರಿ ಮಾಡಿದ್ದು ನಾಶಿಕದ ಸುಲಾ. ಅದು ಟೇಸ್ಟಿಂಗ್ ರೂಮ್ ತೆರೆದದ್ದು 2005ರಲ್ಲಿ. ಎರಡು ವರ್ಷಕ್ಕೆ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ವೈನನ್ನು ಸಾರಾಯಿ, ವಿಸ್ಕಿಗಳ ಸಾಲಿನಿಂದ ಬಿಡಿಸಿ ತೋಟಗಾರಿಕೆಯ ಉತ್ಪನ್ನವಾಗಿ ನೋಡಿದ್ದೇ ಆ 2007ರ ನೀತಿಯ ದೊಡ್ಡ ಹೆಜ್ಜೆ ಎಂದು ನಾನು ತಿಳಿದಿದ್ದೇನೆ. ವೈನ್ ಮಂಡಳಿ ಬಂತು, ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದವು. ಮೈಸೂರು ರಸ್ತೆಯ ಚನ್ನಪಟ್ಟಣದಲ್ಲೂ ವೈನರಿ ಎದ್ದು ಜನರಿಗೆ ಬಾಗಿಲು ತೆರೆಯಿತು.

ಇತ್ತ ನಗರ ಬುಕಿಂಗ್ ಕಲಿಯುತ್ತಿತ್ತು. ಐಆರ್‌ಸಿಟಿಸಿ 2002ರ ಆಗಸ್ಟ್‌ನಲ್ಲಿ ರೈಲು ಟಿಕೆಟ್ಟನ್ನು ಇಂಟರ್‌ನೆಟ್ಟಿಗೆ ತಂದಿತ್ತು. ಬಸ್ಸಿನ ಮಟ್ಟಿಗೆ ಪಾಠ ಹುಟ್ಟಿದ್ದು ಬೆಂಗಳೂರಿನಲ್ಲೇ. 2005ರ ದೀಪಾವಳಿಗೆ ಊರಿಗೆ ಹೊರಟ ಎಂಜಿನಿಯರ್ ಫಣೀಂದ್ರ ಸಾಮಾ ಅವರಿಗೆ ಖಾಸಗಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸೀಟು ಇರಲಿಲ್ಲ ಎನ್ನುವುದಕ್ಕಿಂತ, ಯಾವ ಬಸ್ಸಿನಲ್ಲಿ ಎಷ್ಟು ಖಾಲಿ ಇದೆ ಎಂದು ಯಾವ ಏಜೆಂಟನಿಗೂ ಪೂರ್ತಿ ಗೊತ್ತಿರಲಿಲ್ಲ. ಪ್ರತಿಯೊಬ್ಬನೂ ಫೋನ್ ಮಾಡಿ ಕೇಳಿ ಹೇಳಬೇಕಿತ್ತು. ಇಬ್ಬರು ಗೆಳೆಯರ ಜೊತೆ ಸೇರಿ ಅವರು 2006ರಲ್ಲಿ ರೆಡ್‌ಬಸ್ ಶುರುಮಾಡಿದರು. ಸರ್ಕಾರಿ ಬಸ್ಸಿನವರ ಬುಕಿಂಗ್ ವ್ಯವಸ್ಥೆ 'ಅವತಾರ್' ಕೂಡ ಜನರಿಗೆ ಅಭ್ಯಾಸವಾಯಿತು. ಖಾಲಿ ಸೀಟು ಎಲ್ಲರಿಗೂ ಒಂದೇ ಕಾಲಕ್ಕೆ ಕಾಣುವಂತಾದದ್ದೇ ಇದೆಲ್ಲದರ ತಿರುಳು. 2016ರಲ್ಲಿ ಯುಪಿಐ ಬಂದ ಮೇಲೆ ಇನ್ನೂರು, ಮುನ್ನೂರು ರೂಪಾಯಿಯ ಅಡ್ವಾನ್ಸ್ ಕೊಡುವುದೂ ಸಲೀಸಾಯಿತು.

ಇಲ್ಲಿ ಹಲವರು ಎಡವುತ್ತಾರೆ. ಬಸ್ಸಿನ ಸೀಟಿಗೂ ಊಟದ ಟೇಬಲ್ಲಿಗೂ ಒದಗುವ ವ್ಯವಸ್ಥೆ ಟೇಸ್ಟಿಂಗ್ ರೂಮಿಗೂ ಹಾಗೇ ಒದಗುತ್ತದೆ ಎಂದುಕೊಳ್ಳುತ್ತಾರೆ. ಹೋಟೆಲಿನಲ್ಲಿ ನಾಲ್ವರು ತಡವಾಗಿ ಬಂದರೆ ಪಕ್ಕದ ಟೇಬಲ್ಲಿಗೆ ಏನೂ ಆಗದು. ವೈನರಿಯಲ್ಲಿ ಒಂದು ಗುಂಪು ಒಟ್ಟಿಗೆ ಹೊರಡುತ್ತದೆ: ತೋಟದ ಅಂಚು, ಹಣ್ಣು ಹಿಂಡುವ ಜಾಗ, ಸ್ಟೀಲ್ ಟ್ಯಾಂಕುಗಳು, ಓಕ್ ಪೀಪಾಯಿಗಳ ತಂಪು ಕೋಣೆ, ಕೊನೆಗೆ ಗ್ಲಾಸುಗಳ ಸಾಲು. ಹಗುರದಿಂದ ಗಾಢಕ್ಕೆ, ಬಿಳಿಯಿಂದ ಕೆಂಪಿಗೆ ಎಂಬ ಕ್ರಮವಿದೆ. ವಿವರಿಸುವವರು ಒಬ್ಬರೇ. ತಡವಾಗಿ ಬಂದವರಿಗಾಗಿ ಅವರು ಮತ್ತೆ ಮೊದಲಿಂದ ಹೇಳಲಾರರು. ಹನ್ನೆರಡು ಮಂದಿಯ ಗುಂಪಿನಲ್ಲಿ ಐವರು ಬಾರದೆ ಹೋದರೆ ತೆರೆದ ಬಾಟಲಿಯ ಉಳಿಕೆ ಕೆಡುತ್ತದೆ, ಆ ಗಂಟೆಯೂ ಹೋಗುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ಟೇಬಲ್ಲುಗಳ ಪಟ್ಟಿಯಲ್ಲ. ಹೊರಡುವ ಹೊತ್ತು, ಗುಂಪಿನ ಮಿತಿ, ಅಡ್ವಾನ್ಸ್ ಈ ಮೂರನ್ನೂ ಒಟ್ಟಿಗೆ ಹಿಡಿಯಬಲ್ಲ ವ್ಯವಸ್ಥೆ.

ಕ್ಯಾಲಿಫೋರ್ನಿಯದ ನಾಪಾ ಕೌಂಟಿ ಇಂಥ ಮಿತಿಯನ್ನು ಬಹಳ ಹಿಂದೆಯೇ ಕಾನೂನಾಗಿ ಬರೆಯಿತು. ವೈನರಿಗಳು ತೋಟ ಬಿಟ್ಟು ಅಂಗಡಿಗಳಾಗುತ್ತವೆ ಎಂಬ ಅಳುಕಿನಿಂದ 1990ರ ಕಟ್ಟಳೆಯಲ್ಲಿ, ಇನ್ನು ಮುಂದೆ ಬರುವ ವೈನರಿಗಳು ಮೊದಲೇ ಹೇಳಿ ಬಂದವರಿಗೆ ಮಾತ್ರ ಟೇಸ್ಟಿಂಗ್ ಮಾಡಿಸಬೇಕು ಎಂದಿತು. ಬುಕಿಂಗ್ ಹುಟ್ಟಿದ್ದು ಜನರನ್ನು ಸೆಳೆಯುವುದಕ್ಕಲ್ಲ, ತೋಟಕ್ಕೆ ಎಷ್ಟು ಜನ ಸಾಕು ಎಂದು ಹೇಳುವುದಕ್ಕೆ. ನಮ್ಮ ಅರಣ್ಯ ಇಲಾಖೆಯೂ ಇದೇ ದಾರಿಗೆ ಬಂತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ಅದೇ ವರ್ಷದ ಕೊನೆಗೆ 'ಅರಣ್ಯ ವಿಹಾರ' ಜಾಲತಾಣದ ಮೂಲಕ ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಹಾಕಿತು. ವೈನರಿಗಳೂ ಮಿತಿಯನ್ನು ನಾಚಿಕೆಯಿಲ್ಲದೆ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಬಾರದೆ ಹೋಗುವವರ ಸಮಸ್ಯೆಗೆ ಷಿಕಾಗೊದ ರೆಸ್ಟೋರೆಂಟ್ ಮಾಲೀಕ ನಿಕ್ ಕೊಕೊನಾಸ್ ಉತ್ತರ ಕಂಡುಕೊಂಡರು. ನಾಟಕದ ಟಿಕೆಟ್ಟಿನ ಹಾಗೆ ಊಟಕ್ಕೂ ಮೊದಲೇ ಹಣ ಕಟ್ಟಿಸಿಕೊಂಡರು. ಅದರಿಂದ 2014ರಲ್ಲಿ ಟಾಕ್ ಎಂಬ ವ್ಯವಸ್ಥೆ ಹುಟ್ಟಿತು. ಅಮೆರಿಕದ ಹಲವು ವೈನರಿಗಳು ಅದನ್ನೇ ಹಿಡಿದವು. ಆಮೇಲಿನದು ಗಮನಿಸಬೇಕಾದ ಸಂಗತಿ. 2021ರಲ್ಲಿ ಜಾಲತಾಣ ಕಟ್ಟಿಕೊಡುವ ಸ್ಕ್ವೇರ್‌ಸ್ಪೇಸ್ ಅದನ್ನು ಕೊಂಡಿತು. 2024ರಲ್ಲಿ 40 ಕೋಟಿ ಡಾಲರಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕೊಳ್ಳುವುದಾಗಿ ಘೋಷಿಸಿತು. ವೈನರಿಯವರು ಕದಲಲೂ ಇಲ್ಲ, ಅವರ ಅತಿಥಿಗಳ ಪಟ್ಟಿ ಇರುವ ಮನೆಯ ಯಜಮಾನ ಮಾತ್ರ ಬದಲಾಗುತ್ತಾ ಹೋದ.

ನಮ್ಮಲ್ಲೂ ಆಯ್ಕೆ ಇದೇ ಕವಲಿನಲ್ಲಿ ನಿಂತಿದೆ. ದೊಡ್ಡ ಆ್ಯಪ್‌ನಲ್ಲಿ ಹೆಸರು ಹಾಕಿದರೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ವೈಟ್‌ಫೀಲ್ಡಿನ ಕಣ್ಣಿಗೆ ಬೀಳುತ್ತೀರಿ. ಬದಲಿಗೆ ಕಮಿಷನ್, ರಿಯಾಯಿತಿ, ಪಕ್ಕದಲ್ಲೇ ಇನ್ನೊಬ್ಬರ ಜಾಹೀರಾತು. ಸ್ವಂತ ಜಾಲತಾಣದಲ್ಲಿ ಬುಕಿಂಗ್ ಇಟ್ಟರೆ ತಿಂಗಳ ಬಾಡಿಗೆ ಕಟ್ಟಬೇಕು, ಜನರನ್ನು ತಾವೇ ಕರೆಯಬೇಕು. ಬಂದವರ ಹೆಸರು, ಇಷ್ಟವಾದ ವೈನ್, ಮುಂದಿನ ಭೇಟಿಯ ಮಾತು ತಮ್ಮಲ್ಲೇ ಉಳಿಯುತ್ತದೆ. ಸಣ್ಣ ವೈನರಿಗೆ ಎರಡನೆಯದೇ ಸರಿ. ಹೋಟೆಲಿಗೆ ಬಂದವನು ಊಟ ಮಾಡಿ ಹೋಗುತ್ತಾನೆ. ವೈನರಿಗೆ ಬಂದವನು ಇಲ್ಲಿ ಅರ್ಧ ಗ್ಲಾಸು ಸವಿದು, ಊರಿಗೆ ಹೋಗಿ ವರ್ಷಗಟ್ಟಲೆ ಅಂಗಡಿಯಲ್ಲಿ ಅದೇ ಹೆಸರು ಕೇಳುತ್ತಾನೆ. ಆ ಪರಿಚಯವನ್ನು ಕಮಿಷನ್ನಿನ ಲೆಕ್ಕದಲ್ಲಿ ಅಳೆಯಲಾಗದು. ಆದರೆ ಪಟ್ಟಿ ಇಟ್ಟುಕೊಂಡವರ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೊರಿಸುವ ಹೊಣೆಯೂ ಬರುತ್ತದೆ. ಕೇಳಿ ಒಪ್ಪಿಗೆ ಪಡೆಯಬೇಕು, ಬೇಕಾದಷ್ಟನ್ನೇ ಬರೆದುಕೊಳ್ಳಬೇಕು.

ಪರದೇಶದ ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ನಮ್ಮ ಕ್ಯಾಲೆಂಡರ್ ಅದಕ್ಕೆ ಗೊತ್ತಿಲ್ಲ. ಅಕ್ಟೋಬರ್ 2 ಮದ್ಯ ನಿಷೇಧದ ದಿನ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಾಗಿಲು ಮುಚ್ಚಬೇಕು. ಗಣೇಶನ ಮೆರವಣಿಗೆಗೆಂದು ಜಿಲ್ಲಾಡಳಿತದ ಆದೇಶ ಒಮ್ಮೊಮ್ಮೆ ಎರಡು ದಿನ ಮೊದಲಷ್ಟೇ ಬರುತ್ತದೆ. ಆಗ ಇಡೀ ದಿನದ ಬುಕಿಂಗನ್ನು ಒಂದೇ ಬಾರಿಗೆ ರದ್ದುಮಾಡಿ ಎಲ್ಲರಿಗೂ ಹಣ ಹಿಂದಿರುಗಿಸುವ ಅನುಕೂಲ ಇರಲೇಬೇಕು. ಕರ್ನಾಟಕದಲ್ಲಿ ವಯಸ್ಸಿನ ಮಿತಿ 21. ಅದನ್ನು ಹದಿನೆಂಟಕ್ಕೆ ಇಳಿಸುವ ಪ್ರಸ್ತಾಪವನ್ನು ಸರ್ಕಾರ 2023ರ ಆರಂಭದಲ್ಲಿ ವಿರೋಧ ಬಂದು ಕೈಬಿಟ್ಟಿತು. ಮದ್ಯವನ್ನು ಆನ್‌ಲೈನಿನಲ್ಲಿ ಮಾರುವ ಅವಕಾಶವೂ ಇಲ್ಲ. ಹಾಗಾಗಿ ಬುಕಿಂಗ್ ಪುಟದಲ್ಲಿ ಕೊಡುವುದು ಭೇಟಿಯ ಕುರ್ಚಿ, ಬಾಟಲಿಯಲ್ಲ ಎಂಬುದು ಸ್ಪಷ್ಟವಾಗಿ ಬರೆದಿರಬೇಕು.

ಇನ್ನೊಂದು ಪ್ರಶ್ನೆಯನ್ನು ಪ್ರತಿ ಫಾರಂನಲ್ಲೂ ನೋಡಬೇಕೆಂಬುದು ನನ್ನ ಆಸೆ: ಗಾಡಿ ಯಾರು ಓಡಿಸುತ್ತಾರೆ? ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ಮೀರಿದರೆ ಅಪರಾಧ. ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಜೈಲು, ಇಲ್ಲವೇ ಎರಡೂ. ನಂದಿಯಿಂದ ಬೆಳ್ಳಂದೂರಿಗೆ ಹತ್ತಾರು ಕಿಲೋಮೀಟರ್ ರಸ್ತೆ ಇದೆ. ಓಡಿಸುವವರಿಗೆ ಕಡಿಮೆ ದರದಲ್ಲಿ ದ್ರಾಕ್ಷಿ ರಸದ ಕುರ್ಚಿ, ಬಸ್ಸಿನಲ್ಲಿ ಬರುವ ಗುಂಪಿಗೆ ಬೇರೆ ಸ್ಲಾಟ್ ಎಂದು ಇಟ್ಟರೆ ಒಂದು ಜೀವ ಉಳಿದೀತು. ಅದನ್ನು ಮಾಡಲಾಗದ ತಂತ್ರಾಂಶ ನನ್ನ ಲೆಕ್ಕದಲ್ಲಿ ಅಗ್ಗವಾದರೂ ಬೇಡ.

ಕೊಯ್ಲಿನ ಕಾಲಕ್ಕೆ ಎಲ್ಲವೂ ಬಿಗಿಯಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಚಾಟ್ನಿ ಮಾಡಿದ, ಅಂದರೆ ಕೊಂಬೆ ಸವರಿದ, ಬಳ್ಳಿ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಹಣ್ಣು ಕೊಡುತ್ತದೆ. ಜನ ಹೆಚ್ಚು ಬರುವುದೂ ಆಗಲೇ, ಕೆಲಸದವರಿಗೆ ಬಿಡುವಿಲ್ಲದ್ದೂ ಆಗಲೇ. ಸಂಜೆ ಹಣ್ಣಿನ ಸಕ್ಕರೆಯ ಬ್ರಿಕ್ಸ್ ಅಳೆದು ನಾಳೆ ನಸುಕಿಗೆ ಕೊಯ್ಲು ಎಂದು ವೈನ್ ತಯಾರಕ ಹೇಳಿದ ಮೇಲೆ, ಬೆಳಗಿನ ಸ್ಲಾಟನ್ನು ತಾನೇ ಮುಚ್ಚಿ, ಬುಕ್ ಮಾಡಿದವರಿಗೆ ಮಧ್ಯಾಹ್ನಕ್ಕೆ ಬನ್ನಿ ಅಥವಾ ನಸುಕಿಗೇ ಬಂದು ಕೊಯ್ಲು ನೋಡಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಂದೇಶ ಕಳಿಸಲು ಕೌಂಟರಿನವರಿಗೆ ಸಾಧ್ಯವಾಗಬೇಕು. ಆ ಕೆಲಸವನ್ನು ಮಾಡಿ ತೋರಿಸಿ ಎಂದು ತಂತ್ರಾಂಶ ಮಾರಲು ಬಂದವರನ್ನು ಕೇಳಿ, ನೋಡಿದ ಮೇಲೇ ಕರಾರಿಗೆ ಸಹಿ ಹಾಕಬೇಕು.